ಬಾವಿಯೊಳಗೆ ಓಡಿಸಿದ ಬಾಯಾರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಪ್ಪಾಣಿಯಿಂದ ಫೋನು ಬರುತ್ತದೆ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬೈಗುಳವಾಗುತ್ತದೆ, ಕಡೆಗೆ ಅದು "ಸೊಂಟ ಹೆಂಗೈತಿ, ಹೇಳಿದ್ದು ಮಾಡಾಕತ್ತೀರಿಲ್ಲೋ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಕೊನೆಯ ಪ್ರಶ್ನೆಗೆ, ಮಾಡುತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಹಾಗಾಗಿ ಎಲ್ಲರೂ ಕರೆಯುತ್ತಿದ್ದಂತೆ ಬಾಯಾರು ಎಂದಷ್ಟೇ ಬರೆಯುತ್ತೇನೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಹಾಗೆ ಅನ್ನುವುದು. ಇವರು ಶಾಲೆ ಕಲಿಸಿದವರಲ್ಲ, ದವಾಖಾನೆಯಲ್ಲಿ ಫಿಜಿಯೋಥೆರಪಿ ಮಾಡಿಸುತ್ತಿದ್ದವರು. ಆದರೂ ಅವರ ಕೋಣೆಗೆ ಹೋಗಿ ಬಂದವರು ಯಾರೂ ಡಾಕ್ಟರ್ ಎನ್ನಲಿಲ್ಲ. ಮನೆಗೆಲಸ ಕೊಟ್ಟು ಕಳಿಸಿ, ಮುಂದಿನ ಸಲ ಬಂದಾಗ ಒಪ್ಪಿಸಿಕೊಳ್ಳುವವರನ್ನು ಬಾಯಾರು ಅನ್ನದೆ ಇನ್ನೇನು ಅನ್ನಬೇಕು.

ಹೋದ ತಿಂಗಳು ಅವರು ನಿವೃತ್ತರಾದರು. ಶಾಲು ಹೊದಿಸಿದರು, ಹಾರ ಹಾಕಿದರು, ದೊಡ್ಡ ಸಾಹೇಬರು ಭಾಷಣ ಮಾಡಿದರು. ಭಾಷಣ ಉದ್ದವಾಯಿತು. ವೇದಿಕೆಯ ಮೇಲೆ ಕುಳಿತಿದ್ದ ಬಾಯಾರ ಮುಖ ಗಂಭೀರವಾಗಿಯೇ ಇತ್ತು, ಆದರೆ ಮೇಜಿನ ಕೆಳಗೆ ಅವರ ಹಿಮ್ಮಡಿಗಳು ಮೇಲೆದ್ದು ಕೆಳಗಿಳಿಯುತ್ತಿದ್ದವು. ಅದನ್ನು ಕಂಡ ಮುಂದಿನ ಸಾಲಿನ ಮುದುಕರು, ತಮಗೇ ಹೇಳುತ್ತಿದ್ದಾರೆಂದು ತಿಳಿದು, ತಾವೂ ಹಿಮ್ಮಡಿ ಎತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಇಡೀ ಸಾಲು ಎತ್ತುತ್ತಿತ್ತು. ಸಾಹೇಬರು ಮಾತ್ರ ಇದು ತಮ್ಮ ಮಾತಿನ ಪರಿಣಾಮವೆಂದುಕೊಂಡು ಇನ್ನಷ್ಟು ಮಾತಾಡಿದರು. ನನಗೂ ಮೈಕ್ ಕೊಟ್ಟರು. ಎರಡು ಮಾತು ಆಡಿ ಇಳಿದೆ. ಆಡದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಬರೆದುಕೊಡಲೇನಪ್ಪಾ ಎಂದು ಮಗಳು ಕೇಳಿದಳು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ನನ್ನ ಅಕ್ಷರ ನನ್ನ ಕೆಲಸಕ್ಕೆ ಸಾಕು ಎಂದೆ.

ಬಾಯಾರದು ದಪ್ಪ ಮೈ, ದೊಡ್ಡ ದನಿ. ಓಡುವವರ ಕಾಲು ನೆಟ್ಟಗೆ ಮಾಡುತ್ತಿದ್ದ ಅವರು ತಾವು ಓಡಿದ್ದನ್ನು ಕಂಡವರಿಲ್ಲ. ಬಸ್ಸು ಹೊರಟುಬಿಟ್ಟಿದ್ದರೂ ಓಡುತ್ತಿರಲಿಲ್ಲ. ನಿಂತಲ್ಲಿಂದಲೇ ಕೈ ಎತ್ತುವರು, ಬಸ್ಸು ನಿಲ್ಲುವುದು. ನಿಲ್ಲಲೇಬೇಕು, ಯಾಕೆಂದರೆ ಕಾಗವಾಡದ ಬಸ್ಸಿನ ಕಂಡಕ್ಟರ್ ಅವರ ಪೇಶಂಟ್. ದಿನವಿಡೀ ನಿಂತು ನಿಂತು ಕಾಲು ಬಾತಿದ್ದ ಅವನಿಗೆ, ಕಂಬಿ ಹಿಡಿದುಕೊಂಡು ಬೆರಳ ತುದಿಯ ಮೇಲೆ ಎದ್ದು ಇಳಿಯುವುದನ್ನು ಕಲಿಸಿದ್ದರು. ಇವತ್ತಿಗೂ ಆ ಬಸ್ಸು ನಮ್ಮ ಓಣಿಯ ಮುಂದೆ ಹೋಗುವಾಗ ಕಿಟಕಿಯಲ್ಲಿ ಅವನ ತಲೆ ಮೇಲೆ ಕೆಳಗೆ ಆಗುವುದು ಕಾಣುತ್ತದೆ. ಹೊಸದಾಗಿ ಬಸ್ಸು ಹತ್ತಿದವರು ರಸ್ತೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಅವರ ಕೋಣೆ ದವಾಖಾನೆಯ ಪಡಸಾಲೆಯ ಕಟ್ಟಕಡೆಗೆ ಇತ್ತು. ಅಲ್ಲಿಯವರೆಗೆ ನಡೆದು ಬರುವಷ್ಟರಲ್ಲಿ ಅರ್ಧ ರೋಗ ಏನೆಂದು ತಮಗೆ ತಿಳಿದುಬಿಡುತ್ತದೆ ಎನ್ನುತ್ತಿದ್ದರು. ಬಾಗಿಲಿಗೆ ಎದುರಾಗಿ ಕುಳಿತು ಬರುವವರ ನಡಿಗೆಯನ್ನೇ ನೋಡುವರು. ಬಂದವರದು ಒಂದೇ ಹಟ: ತಿಕ್ಕಬೇಕು, ಇಲ್ಲವೇ ಮಶೀನಿನ ಕರೆಂಟು ಹಿಡಿಯಬೇಕು. ಅವರು ಎರಡಕ್ಕೂ ಬೇಗ ಒಪ್ಪುತ್ತಿರಲಿಲ್ಲ. "ನಾ ಹೇಳತೀನಿ, ನೀವು ಮಾಡ್ರಿ" ಎನ್ನುವುದು ಅವರ ಮಾತು. ಒಮ್ಮೆ ಕಬ್ಬಿನ ದೊಡ್ಡ ಸಾಹುಕಾರರೊಬ್ಬರು ಭುಜ ಹಿಡಿದುಕೊಂಡಿದೆ ಎಂದು ಬಂದರು. ಅವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಕೈಬೆರಳುಗಳನ್ನು ಜೇಡ ಹತ್ತಿದ ಹಾಗೆ ಮೆಲ್ಲಗೆ ಗೋಡೆ ಹತ್ತಿಸಲು ಹೇಳಿದರು. ಸಾಹುಕಾರರ ಡ್ರೈವರ್ ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದ. ಅವನನ್ನು ಹೊರಗೆ ಕಳಿಸಿ ಎಂದರು ಸಾಹುಕಾರರು. "ಇರಲಿ ಬಿಡ್ರಿ, ಮನ್ಯಾಗ ನಿಮಗ ನೆನಪ ಮಾಡಾಕ ಒಬ್ಬ ಬೇಕಲ್ಲ" ಎಂದರು ಬಾಯಾರು. ಆಮೇಲೆ ಸಾಹುಕಾರರ ಕೈ ಮೇಲೆದ್ದಿತು. ಡ್ರೈವರನಿಗೆ ಆ ಮನೆಯಲ್ಲಿ ಸ್ವಲ್ಪ ದನಿಯೂ ಬಂದಿತು ಎಂದು ಕೇಳಿದ್ದೇನೆ.

ನಾನು ಅವರ ಬಾಗಿಲಿಗೆ ಹೋದದ್ದು ನನಗಾಗಿ ಅಲ್ಲ, ಮಗಳು ಸುಜಾತಾಳಿಗಾಗಿ.

ನಮ್ಮದು ಅಥಣಿ ತಾಲೂಕಿನಲ್ಲಿ, ಸತ್ತಿಯ ಕಡೆಗೆ ಹೋಗುವ ರಸ್ತೆಯ ಮೇಲಿನ ಊರು. ಮನೆತನದ ಕಸುಬು ಚಪ್ಪಲಿ. ಜನ ಕೊಲ್ಹಾಪುರಿ ಎಂದು ಕೊಂಡು ಮೆರೆಯುವ ಚಪ್ಪಲಿಗಳಲ್ಲಿ ಎಷ್ಟೋ ನಮ್ಮ ಓಣಿಯಲ್ಲಿ ಹೊಲಿದವು. ತಳದ ಅಟ್ಟೆ ಕೊಯ್ಯುವುದು, ಬಡಿಯುವುದು, ಹೊಲಿಯುವುದು ನನ್ನ ಕೆಲಸ. ಮೇಲಿನ ಪಟ್ಟಿಗೆ ಚರ್ಮದ ಜಡೆ ಹೆಣೆಯುವುದು ಹೆಂಡತಿಯ ಕೆಲಸ. ಕೈ ತಪ್ಪಿದ ಒಂದು ಹೊಲಿಗೆ ಕಂಡರೂ ಆ ಜೋಡನ್ನು ನಾನು ಅಂಗಡಿಗೆ ಕೊಟ್ಟವನಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಸುಜಾತಾ ಒಬ್ಬಳೇ. ಅವಳು ಓಡುತ್ತಾಳೆ. ಹೊಲ, ದಿಬ್ಬ, ಮಣ್ಣಿನ ದಾರಿಯ ಮೇಲೆ ದೂರ ಓಡುವ ಪಂದ್ಯವೊಂದು ಇದೆಯಲ್ಲ, ಕ್ರಾಸ್ ಕಂಟ್ರಿ ಎನ್ನುತ್ತಾರೆ, ಅದು ಅವಳದು. ಯುನಿವರ್ಸಿಟಿಯ ತಂಡಕ್ಕೆ ಆರು ಜನ ಹುಡುಗಿಯರನ್ನು ಆರಿಸುವ ಓಟ ಚಿಕ್ಕೋಡಿಯಲ್ಲಿ ಆಗುವುದಿತ್ತು. ಅವಳ ಡಿಗ್ರಿ ಮುಗಿಯುವ ವರ್ಷ ಅದು, ಇನ್ನೊಂದು ಸಲ ಎಂಬುದು ಇರಲಿಲ್ಲ. ತಂಡದಲ್ಲಿ ಹೆಸರು ಬಂದರೆ ಮುಂದೆ ಆಟದ ಕೋಟಾದಲ್ಲಿ ಓದಬಹುದು, ನೌಕರಿಗೂ ದಾರಿಯಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಎದೆಯ ಮೇಲೆ ಯುನಿವರ್ಸಿಟಿಯ ಹೆಸರು ಬರೆದ ಬನಿಯನ್ನು. ಅದು ನನಗೆ ಗೊತ್ತಿತ್ತು.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಕರಿಮಣ್ಣಿನ ಹಾದಿಗಳೆಲ್ಲ ಕಾಲು ಹೂತುಹೋಗುವಷ್ಟು ಕೆಸರಾದವು. ಸುಜಾತಾ ಹೊಲದ ಹಾದಿ ಬಿಟ್ಟು ಡಾಂಬರು ರಸ್ತೆಯ ಮೇಲೆ ಓಡತೊಡಗಿದಳು. ಪಂದ್ಯ ಹತ್ತಿರ ಬಂತೆಂದು ದೂರವನ್ನೂ ಒಮ್ಮೆಲೇ ಹೆಚ್ಚಿಸಿದಳು. ಕೆಲವು ವಾರದಲ್ಲಿ ಕಣಕಾಲಿನ ಎಲುಬಿನ ಒಳಬದಿಯಲ್ಲಿ ನೋವು ಶುರುವಾಯಿತು. ಮೊದಲು ಓಟದ ಆರಂಭದಲ್ಲಿ ನೋಯುವುದು, ಮೈ ಬಿಸಿಯಾದ ಮೇಲೆ ಮಾಯವಾಗುವುದು. ಆಮೇಲೆ ಮಾಯವಾಗುವುದು ನಿಂತಿತು. ಮುಂದೆ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದಾಗಲೇ ಹಲ್ಲು ಕಚ್ಚತೊಡಗಿದಳು.

ನಮ್ಮ ಓಣಿಯವರು ಇಂಥದಕ್ಕೆ ಹೆದರುವವರಲ್ಲ. ಹೊಸ ಚಪ್ಪಲಿ ಕಚ್ಚುತ್ತದೆ. ಎಣ್ಣೆ ಹಚ್ಚಿ, ನೋವು ತಡೆದುಕೊಂಡು ಮೆಟ್ಟುತ್ತ ಹೋದರೆ ಚರ್ಮ ಕಾಲಿಗೆ ಒಗ್ಗುತ್ತದೆ, ಕಾಲು ಚರ್ಮಕ್ಕೆ ಒಗ್ಗುತ್ತದೆ. ಗಿರಾಕಿಗಳಿಗೆ ಎಷ್ಟು ಸಲ ಈ ಮಾತು ಹೇಳಿದ್ದೇವೋ. ಕಾಲಿನ ನೋವಿಗೂ ಓಣಿಯ ಹಿರಿಯರೆಲ್ಲ ಅದನ್ನೇ ಹೇಳಿದರು: ಎಣ್ಣೆ ಹಚ್ಚು, ತಡೆದುಕೊ, ಓಡು, ಒಗ್ಗುತ್ತದೆ. ಹೇಳಿದವರಲ್ಲಿ ನಾನೂ ಇದ್ದೆ. ಹುಡುಗಿ ಎಣ್ಣೆ ಹಚ್ಚಿದಳು, ತಡೆದುಕೊಂಡಳು, ಓಡಿದಳು. ಒಂದು ದಿನ ಹೆಂಡತಿ ಹೆಣೆಯುತ್ತಿದ್ದ ಜಡೆಯನ್ನು ಕೆಳಗಿಟ್ಟು, "ಈಕಿ ಅಳೂದ ನನ್ನ ಕಿವಿಗಿ ಬೀಳಬಾರದು ಅಂತ ನಳಾ ಬಿಟ್ಟ ಅಳಾಕತ್ತಾಳ. ಕರಕೊಂಡ ಹೋಗ್ರಿ" ಎಂದಳು.

ಬಾಯಾರು ಸುಜಾತಾಳನ್ನು ಮಂಚದ ಮೇಲೆ ಕೂಡಿಸಿ, ಕಣಕಾಲಿನ ಎಲುಬಿನ ಗುಂಟ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬಂದರು. ನೋವು ಒಂದೇ ಬಿಂದುವಿನಲ್ಲಿ ಚುಚ್ಚಿದಂತಿದ್ದರೆ ಎಲುಬು ಸೀಳಿದೆ ಎಂದು ಅನುಮಾನ ಪಡಬೇಕಂತೆ. ಇವಳದು ಗೇಣುದ್ದಕ್ಕೆ ಹರಡಿತ್ತು. ಆದರೂ ಎಲುಬಿನ ಎಕ್ಸ್-ರೇ ಫೋಟೋ ತೆಗೆಸಿದರು, ಎಲುಬು ಸೀಳಿರಲಿಲ್ಲ. ಎಲುಬಿಗೆ ಅಂಟಿಕೊಂಡ ಮಾಂಸ ಜಗ್ಗಿ ಜಗ್ಗಿ ಬಾವು ಬಂದಿದೆ, ಹೀಗೇ ಓಡಿದರೆ ಮಾತ್ರ ಸೀಳುವ ದಿನ ದೂರವಿಲ್ಲ ಎಂದರು. ನಾನು ಸುಮ್ಮನಿರದೆ ನಮ್ಮ ಹೊಸ ಚಪ್ಪಲಿಯ ಮಾತನ್ನು ಹೇಳಿದೆ. ಅವರು ನಗಲಿಲ್ಲ. ಕುರ್ಚಿ ನನ್ನ ಕಡೆ ತಿರುಗಿಸಿ ಕುಳಿತರು.

"ಚಪ್ಪಲಿ ಸತ್ತ ಚರ್ಮರಿ ಅಣ್ಣಾರ, ತಿಕ್ಕಿದಷ್ಟು ಮೆತ್ತಗಾಗತೈತಿ. ಎಲುಬು ಜೀವಂತ ಐತಿ. ಹೊಡತ ಬಿದ್ದಲ್ಲೆ ಕುಂತು ತನ್ನ ದುರಸ್ತಿ ತಾನ ಮಾಡಕೋತೈತಿ. ಅದರ ಕೆಲಸ ಮುಗಿಯೂಕಿಂತ ಮದಲ ಈ ಪೋರಿ ಮತ್ತ ಹೊಡತ ಹಾಕ್ಯಾಳ. ಕುಂತ ಕೆಲಸ ಮಾಡಾಕ ಬಿಡಲಿಲ್ಲಂದ್ರ ನೀವರ ಜೋಡ ಮುಗಸತೀರೇನು?"

ಚರ್ಮದ ಬಗ್ಗೆ ಅವರು ಹೇಳಿದ್ದು ನಿಜವಿತ್ತು. ಕೆಲಸದ ಬಗ್ಗೆ ಹೇಳಿದ್ದೂ ನಿಜವಿತ್ತು.

ಮನೆಗೆಲಸ ಶುರುವಾಯಿತು. ಸೋಡಾ ಅಂಗಡಿಯಿಂದ ಬರ್ಫ ತಂದು ಬಟ್ಟೆಯಲ್ಲಿ ಸುತ್ತಿ ಕಣಕಾಲಿಗೆ ಹಿಡಿಯಬೇಕು. ಗೋಡೆಗೆ ಬೆನ್ನು ಕೊಟ್ಟು ನಿಂತು ಮುಂಗಾಲು ಮಾತ್ರ ಎತ್ತಿ ಇಳಿಸಬೇಕು. ಹೊಸ್ತಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟು, ಮತ್ತೆ ಬೆರಳ ಮೇಲೆ ಏಳಬೇಕು. ಸೈಕಲ್ಲಿನ ಹಳೆಯ ಟ್ಯೂಬನ್ನು ಪಾದಕ್ಕೆ ಸಿಕ್ಕಿಸಿ ಜಗ್ಗಬೇಕು. ಪಕ್ಕಕ್ಕೆ ಮಲಗಿ ಇಡೀ ಕಾಲು ಎತ್ತಬೇಕು. ನೋವು ಕಣಕಾಲಿನಲ್ಲಿದ್ದರೆ ಸೊಂಟದ ಕಸರತ್ತು ಯಾಕೆ ಎಂದು ಸುಜಾತಾ ಕೇಳಿದ್ದಕ್ಕೆ, ಮೇಲಿನ ಮನೆಯವರು ಕೆಲಸ ಮಾಡದಿದ್ದರೆ ಕೆಳಗಿನ ಮನೆಯವರ ಮೇಲೆ ಭಾರ ಬೀಳುತ್ತದೆ ಎಂದರಂತೆ. ಪಾದದ ಬೆರಳುಗಳಿಂದ ನೆಲದ ಮೇಲಿನ ಗೋಲಿ ಎತ್ತಬೇಕೆಂದೂ ಹೇಳಿದ್ದರು. ನಮ್ಮ ಮನೆಯಲ್ಲಿ ಗೋಲಿಗಳಿರಲಿಲ್ಲ, ಚರ್ಮದ ಚೂರುಗಳು ಬೇಕಾದಷ್ಟು ಇದ್ದವು. ನಾನು ಕೊಯ್ದು ಚೆಲ್ಲಿದ ಚೂರುಗಳನ್ನು ಅವಳು ಕಾಲ್ಬೆರಳಿನಿಂದ ಹೆಕ್ಕಿ ಬುಟ್ಟಿಗೆ ಹಾಕುವಳು. ಅಂಗಳ ಗುಡಿಸುವ ಕೆಲಸ ತಪ್ಪಿತೆಂದು ಅವಳ ಅವ್ವನಿಗೆ ಖುಷಿ.

ನನಗೆ ಕಷ್ಟವಾದದ್ದು ಒಂದೇ. ಬಾವು ಇಳಿಯುವ ತನಕ ನಮ್ಮ ಚಪ್ಪಲಿ ಹಾಕುವಂತಿಲ್ಲ, ಅಟ್ಟೆ ಗಟ್ಟಿ, ಮೆತ್ತನೆಯ ರಬ್ಬರಿನದು ಬೇಕು ಎಂದರು. ಚಪ್ಪಲಿ ಹೊಲಿಯುವವನ ಮನೆಯ ಹೊಸ್ತಿಲಲ್ಲಿ ರಬ್ಬರ್ ಚಪ್ಪಲಿ. ಗಿರಾಕಿ ಬಂದ ಸಪ್ಪಳವಾದರೆ ನಾನು ಅವನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳುತ್ತಿದ್ದೆ. ಇದನ್ನು ಸುಜಾತಾ ಬಾಯಾರಿಗೆ ಹೇಳಿದಳು. ಮುಂದಿನ ಸಲ ಹೋದಾಗ ಅವರು ನನ್ನನ್ನು ಕಂಡು, "ಬಲಗಾಲಿಂದ ತಳ್ಳತೀರೋ ಎಡಗಾಲಿಂದೋ? ಸೊಂಟ ನೋಯೂದು ಬಲಕ ಐತಲ್ಲ ನಿಮಗ" ಎಂದರು. ಸೊಂಟದ ವಿಷಯ ನಾನು ಯಾರ ಮುಂದೆಯೂ ಆಡಿರಲಿಲ್ಲ. ಪಡಸಾಲೆಯ ನಡಿಗೆಯಲ್ಲಿ ಅವರು ಮೊದಲ ದಿನವೇ ಓದಿಕೊಂಡಿದ್ದರು. ಅಂದಿನಿಂದ ನನಗೂ ಮನೆಗೆಲಸ ಬಂತು. ಒಂದೇ ಕಡೆ ಚಕ್ಕಳಮಕ್ಕಳ ಹಾಕಿ ಕೂಡಬೇಡಿ, ಆಗಾಗ ಎದ್ದು ಬೆನ್ನು ಹಿಂದಕ್ಕೆ ಬಾಗಿಸಿ ಎಂದರು. ಎದ್ದರೆ ಕೈಯ ಲಯ ತಪ್ಪುತ್ತದೆ ಎಂದೆ. ಸೊಂಟದ ಲಯ ತಪ್ಪಿದರೆ ಕೈ ಎಲ್ಲಿ ಕೂತು ಹೊಲಿಯುತ್ತದೆ ಎಂದು ಕೇಳಿದರು.

ಕಾಲಿನ ನೋವು ಇಳಿಯುತ್ತಿತ್ತು, ಆದರೆ ಪಂದ್ಯ ಹತ್ತಿರ ಬರುತ್ತಿತ್ತು. ಓಡದೆ ಕುಳಿತರೆ ದಮ್ಮು ಹೋಗುತ್ತದೆ, ಓಡಿದರೆ ಕಾಲು ಹೋಗುತ್ತದೆ. ಸುಜಾತಾ ಊಟ ಕಡಿಮೆ ಮಾಡಿದಳು, ಮಾತು ಕಡಿಮೆ ಮಾಡಿದಳು. ಆಗ ಬಾಯಾರು ಹೇಳಿದ್ದು ನೀರಿನೊಳಗೆ ಓಡುವುದನ್ನು. ಎದೆಮಟ್ಟ ಮುಳುಗಿ, ಸೊಂಟಕ್ಕೆ ತೇಲುವಂಥದ್ದು ಕಟ್ಟಿಕೊಂಡು, ಕಾಲಿಗೆ ತಳ ತಾಗದ ಹಾಗೆ ಓಡಿದಂತೆ ಕೈಕಾಲು ಆಡಿಸಬೇಕು. ಎಲುಬಿಗೆ ಹೊಡೆತವಿಲ್ಲ, ಆದರೆ ದಮ್ಮು ಓಟದಷ್ಟೇ ಬೇಕಾಗುತ್ತದೆ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಕೊಳ ಇರುತ್ತದಂತೆ. ನಮ್ಮಲ್ಲಿ ಇರುವುದು ಕೃಷ್ಣಾ ಹೊಳೆ, ಹತ್ತಿರವೇ. ಹೊಳೆಯಲ್ಲಿ ಮೊಸಳೆಗಳಿವೆ ಎಂದಳು ಅಂದು ಜೊತೆಗೆ ಬಂದಿದ್ದ ನನ್ನ ಹೆಂಡತಿ. ಬಾಯಾರು, ಹಾಗಾದರೆ ಇನ್ನೂ ಜೋರಾಗಿ ಓಡುತ್ತಾಳೆ ಎಂದರು. ಹೆಂಡತಿಯ ಮುಖ ನೋಡಿ, "ಬ್ಯಾಡ ಬಿಡ್ರಿ, ಬಾವಿ ಹುಡುಕ್ರಿ" ಎಂದರು.

ಬಾವಿ ಹುಡುಕುವ ಅಗತ್ಯವಿರಲಿಲ್ಲ. ನಮ್ಮೂರಲ್ಲಿ ಮೆಟ್ಟಿಲು ಇರುವ, ಮಳೆಗೆ ತುಂಬಿ ನಿಂತ ದೊಡ್ಡ ಬಾವಿ ಒಂದೇ. ಅದು ಜಿನ್ನಪ್ಪ ಎಂಬವರ ತೋಟದ್ದು. ನನ್ನ ಅಪ್ಪನ ಚಿಕ್ಕಂದಿನಲ್ಲಿ ನಮ್ಮ ಓಣಿಯವರು ಆ ಬಾವಿಯ ದಂಡೆಯಿಂದ ದೂರ ನಿಂತು, ಮೇಲಿನಿಂದ ಸುರಿದ ನೀರನ್ನು ಕೊಡದಲ್ಲಿ ಹಿಡಿದುಕೊಳ್ಳುತ್ತಿದ್ದರು. ಈಗ ಹಾಗಿಲ್ಲ. ಜಿನ್ನಪ್ಪನೂ ನಾನೂ ಒಂದೇ ಹೋಟೆಲಿನಲ್ಲಿ ಎದುರುಬದುರು ಕುಳಿತು ಚಹಾ ಕುಡಿಯುತ್ತೇವೆ, ನನ್ನ ಚಪ್ಪಲಿ ಅವರ ಕಾಲಲ್ಲಿದೆ. ಆದರೆ ಓಣಿಗೆ ನಳ ಬಂದ ಮೇಲೆ ಬಾವಿಗೆ ಹೋಗುವ ಕಾರಣವೇ ತಪ್ಪಿತು. ಹಾಗಾಗಿ ನಾವು ಆ ಬಾವಿಗೆ ಇಳಿಯಬಹುದೋ ಇಲ್ಲವೋ ಎಂಬುದು ಯಾರೂ ಯಾರನ್ನೂ ಕೇಳದೆ ಹಾಗೇ ಉಳಿದುಬಿಟ್ಟ ಮಾತು. ನಾನು ಯಾರ ಮನೆಯ ಬಾಗಿಲಲ್ಲಿಯೂ ನಿಂತು ಏನನ್ನೂ ಕೇಳಿದವನಲ್ಲ. ಕೇಳಿ, ಇಲ್ಲ ಅನ್ನಿಸಿಕೊಂಡು, ಮರುದಿನ ಅದೇ ಹೋಟೆಲಿನಲ್ಲಿ ಚಹಾ ಕುಡಿಯುವುದು ನನ್ನಿಂದ ಆಗುವ ಮಾತಲ್ಲ.

ಜಿನ್ನಪ್ಪನ ತಾಯಿಯ ಮೊಣಕಾಲಿಗೆ ಬಾಯಾರೇ ಕಸರತ್ತು ಹೇಳಿಕೊಡುತ್ತಿದ್ದರು. ನಾನು ದವಾಖಾನೆಗೆ ಬಾಯಾರ ಹತ್ತಿರ ಹೋಗಿ, ನೀವು ಒಂದು ಮಾತು ಹೇಳಿದರೆ ಆಗಿಹೋಗುತ್ತದೆ ಎಂದೆ. ಏನು ವಿಷಯ, ಯಾಕೆ ಹಿಂಜರಿಕೆ ಎಂದು ಅವರು ಕೇಳಲಿಲ್ಲ. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರು, ಈ ಕಡೆಯ ಓಣಿ ಬಾವಿಗಳ ಸಂಗತಿಯನ್ನು ಅವರಿಗೆ ಬಿಡಿಸಿ ಹೇಳುವುದೇನಿತ್ತು.

"ಹೇಳಬಹುದರಿ ಅಣ್ಣಾರ. ನಾ ಕೇಳಿದ್ರ ಅವರು ನನಗ ಬಾವಿ ಕೊಟ್ಟಂಗ ಆಗತೈತಿ. ನಿಮಗ ಕೊಟ್ಟಂಗ ಆಗಂಗಿಲ್ಲ."

ಇಷ್ಟು ಹೇಳಿ ಮುಂದಿನ ಪೇಶಂಟನ್ನು ಕರೆದರು. ನನಗೆ ಸಿಟ್ಟು ಬಂತು. ದಾರಿಯುದ್ದಕ್ಕೂ ಸಿಟ್ಟಿನಲ್ಲೇ ಇದ್ದೆ. ಮನೆಗೆ ಬಂದರೆ ಸುಜಾತಾ ಹೊಸ್ತಿಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು, ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ನಾನು ಚಪ್ಪಲಿ ಕಳಚದೆ ಹಾಗೇ ಹಿಂದಿರುಗಿ ಜಿನ್ನಪ್ಪನ ತೋಟದ ಮನೆಗೆ ನಡೆದೆ.

ಜಿನ್ನಪ್ಪನ ತಾಯಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಬಾಯಾರು ಕೊಟ್ಟ ಮನೆಗೆಲಸ ಮಾಡುತ್ತಿದ್ದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ. ಜಿನ್ನಪ್ಪ ಮೋಟಾರಿನ ಪೆಟ್ಟಿಗೆಯ ಹತ್ತಿರ ಇದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಕಾಲು, ಪಂದ್ಯ, ಬಾವಿ. ಹೇಳಿ ಮುಗಿಸುವಷ್ಟರಲ್ಲಿ ನಾನು ಹಿಂದಿರುಗಿ ಹೋಗುವ ದಾರಿಯನ್ನು ಆಗಲೇ ನೋಡುತ್ತಿದ್ದೆ.

"ಹುಡುಗಿಗಿ ಈಜ ಬರತೈತೇನ?" ಎಂದರು ಆಯಿ.

ಕಾಲುವೆಯಲ್ಲಿ ಕಲಿತಿದ್ದಾಳೆ ಎಂದೆ.

"ಮತ್ತೇನಪಾ" ಎಂದು ಆಯಿ ತಮ್ಮ ಮೊಣಕಾಲಿನ ಕಡೆಗೆ ತಿರುಗಿದರು. ಜಿನ್ನಪ್ಪ ಮಾತ್ರ, ಮೋಟಾರು ನಡೆಯುವಾಗ ಇಳಿಯುವುದು ಬೇಡ, ಕರೆಂಟು ಯಾವಾಗ ಬರುತ್ತದೋ ಭರವಸೆ ಇಲ್ಲ, ಹುಡುಗಿ ಬಂದ ಕೂಡಲೇ ನನಗೆ ಕೂಗಿ ಹೇಳಲಿ, ಫ್ಯೂಸು ತೆಗೆದಿಡುತ್ತೇನೆ ಎಂದರು. ಅಷ್ಟೇ. ನಾನು ತಿರುಗಿ ಬರುವಾಗ ದಾರಿ ಹೋದಾಗಿನಷ್ಟು ಉದ್ದವಿರಲಿಲ್ಲ.

ಮೊದಲ ದಿನ ಬಾಯಾರು ತಾವೇ ಬಂದರು. ಅವರಿಗೆ ಈಜು ಬರುತ್ತಿರಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿಕೊಂಡು ಕುಳಿತರು. ಸುಜಾತಾಳ ಸೊಂಟಕ್ಕೆ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ನಾನು ಮಂಚದ ನವಾರಿನಿಂದ ಬಿಗಿದಿದ್ದೆ. ಚರ್ಮದ ಪಟ್ಟಿಯಾಗಿದ್ದರೆ ಚಂದ ಕಾಣುತ್ತಿತ್ತು, ಆದರೆ ಚರ್ಮ ನೀರಿನಲ್ಲಿ ಬಾಳುವುದಿಲ್ಲ. ಅವಳು ಇಳಿದಳು, ತೇಲಿದಳು, ಓಡತೊಡಗಿದಳು. ಮೇಲಿನಿಂದ ಬಾಯಾರು ಮೊಣಕಾಲು ಮೇಲೆ, ಕೈ ಬೀಸು, ಬಾಗಬೇಡ ಎಂದು ಕೂಗುತ್ತಿದ್ದರು. ಬಾವಿಯ ಗೋಡೆಗೆ ಬಡಿದು ಅವರ ಒಂದೊಂದು ಮಾತೂ ಎರಡೆರಡು ಸಲ ಕೇಳಿಸುತ್ತಿತ್ತು. ಗುಬ್ಬಿಗಳೆಲ್ಲ ಗೂಡು ಬಿಟ್ಟು ಹಾರಿಹೋದವು. ಮೊಮ್ಮಗಳ ಹೆಗಲು ಹಿಡಿದು ಬಂದ ಆಯಿ ದಂಡೆಯ ಮೇಲಿಂದ ಬಗ್ಗಿ ಬಹಳ ಹೊತ್ತು ನೋಡಿದರು.

"ಆಗಿಂದ ಓಡಾಕತ್ತಾಳ, ಇದ್ದಲ್ಲೇ ಅದಾಳಲ್ಲ ಬೇ ಈಕಿ."

"ಎಲ್ಲೂ ಹೋಗಬಾರದು ಅಂತನ ಓಡಸಾಕತ್ತೀನಿ ಆಯಿ" ಎಂದರು ಬಾಯಾರು. "ನೀವೂ ಬರ್ರಿ, ಕೆಳಗಿನ ಮೆಟ್ಟಲ ಮ್ಯಾಲ ನಿಂತು ಕಾಲ ಆಡಸ್ರಿ. ಮೊಣಕಾಲಿಗಿ ಭಾರ ಬೀಳಂಗಿಲ್ಲ."

ಅಂದಿನಿಂದ ಆ ಹೊತ್ತಿಗೆ ಗಂಡಸರು ಬಾವಿಯ ಕಡೆ ಸುಳಿಯಬಾರದು ಎಂಬ ಕಾಯ್ದೆಯಾಯಿತು. ಕಾಯ್ದೆ ಮಾಡಿದವರು ಬಾಯಾರು, ಕಾಯುವವರು ಆಯಿ. ಮುಂದಿನದನ್ನು ಹೆಂಡತಿ ಹೇಳಿ ಕೇಳಿದ್ದು. ಆಯಿ ಸೊಸೆಯ ಕೈ ಹಿಡಿದು ನೀರಿಗಿಳಿದರು. ಸೊಸೆಗೆ ಬೆನ್ನುನೋವು, ಅವಳೂ ಉಳಿದಳು. ನನ್ನ ಹೆಂಡತಿ ಮಗಳ ಬಟ್ಟೆ ಹಿಡಿದುಕೊಳ್ಳಲು ಹೋದವಳು ಒಂದು ದಿನ ತಾನೂ ಮೆಟ್ಟಿಲಿಳಿದಳು. ಅವಳ ಹಿಂದೆ ನಮ್ಮ ಓಣಿಯ ಇನ್ನಿಬ್ಬರು. ಮಧ್ಯದಲ್ಲಿ ಸುಜಾತಾ ಓಡುತ್ತಿದ್ದರೆ ಸುತ್ತಲಿನ ಮೆಟ್ಟಿಲ ಮೇಲೆ ಇವರೆಲ್ಲ ಸೀರೆಯುಟ್ಟು ಎದೆಮಟ್ಟದ ನೀರಿನಲ್ಲಿ ನಿಂತಲ್ಲೇ ನಡೆಯುತ್ತ, ಅತ್ತೆಯರನ್ನೂ ಗಂಡಂದಿರನ್ನೂ ಆಡಿಕೊಂಡು ನಗುತ್ತಿದ್ದರಂತೆ. ನಗುವಿನ ಸಪ್ಪಳ ನಮ್ಮ ಓಣಿಯ ತನಕ ಬರುತ್ತಿತ್ತು. ನಾನು ಅಟ್ಟೆ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಮಣ್ಣು ಒಣಗಿದ ಮೇಲೆ ಅವಳನ್ನು ನೆಲಕ್ಕೆ ಇಳಿಸಿದರು. ಅದೂ ಒಮ್ಮೆಲೇ ಅಲ್ಲ. ತುಸು ನಡಿಗೆ, ತುಸು ಓಟ, ಮತ್ತೆ ನಡಿಗೆ. ಒಂದು ದಿನ ನೆಲ, ಒಂದು ದಿನ ನೀರು. ಮರುದಿನ ಬೆಳಿಗ್ಗೆ ನೋವಿದ್ದರೆ ಹಿಂದಿನ ಹೆಜ್ಜೆಗೆ ವಾಪಸು. ಕಬ್ಬಿನ ಹೊಲದ ಪಕ್ಕದ ಹಾದಿಯಲ್ಲಿ ಬಾಯಾರು ಕಣ್ಣು ಮುಚ್ಚಿಕೊಂಡು ನಿಲ್ಲುವರು, ಸುಜಾತಾ ಅವರನ್ನು ದಾಟಿ ಓಡಬೇಕು. ಹೆಜ್ಜೆ ಸಪ್ಪಳ ಮಾಡಿದರೆ ಹೊಡೆತ ಎಲುಬಿಗೆ ಬಿತ್ತೆಂದು ಅರ್ಥ. ಹೆಜ್ಜೆ ಸಣ್ಣದು ಮಾಡು, ಬೇಗ ಬೇಗ ಎತ್ತು ಎನ್ನುವರು. ನಾನು ಕರ್ ಕರ್ ಎಂದು ಸದ್ದು ಮಾಡುವ ಜೋಡಿಗೆ ಹೆಸರಾದವನು. ಅದನ್ನು ಹೇಳಿದರೆ, "ನಿಮ್ಮದು ಬರೂದು ಊರಿಗೆಲ್ಲ ಗೊತ್ತಾಗಲಿ. ಈಕಿ ಬಂದದ್ದು ಮುಂದಿನಾಕಿಗಿ ಗೊತ್ತಾಗಬಾರದು" ಎಂದರು.

ಪಂದ್ಯದ ದಿನ ರಜೆ ಹಾಕಿ ನಮ್ಮೊಂದಿಗೆ ಚಿಕ್ಕೋಡಿಗೆ ಬಂದರು. ಬಸ್ಸಿನಲ್ಲಿ ಸುಜಾತಾಳಿಂದ ಒಂದು ಮಾತು ತೆಗೆದುಕೊಂಡರು. ನಡುವೆ ಕಣಕಾಲು ಹಳೆಯ ನೋವು ತೋರಿದರೆ ಪಂದ್ಯ ಬಿಟ್ಟು ಹೊರಗೆ ಬರಬೇಕು, ಅಳಬಾರದು, ಯಾರ ಮುಖವನ್ನೂ ನೋಡಬಾರದು. ಅವಳು ಹೂಂ ಎಂದಳು. ನನ್ನ ಕಡೆಗೂ ತಿರುಗಿ, ನೀವೂ ಅವಳ ಮುಖ ನೋಡಬಾರದು ಎಂದರು. ನಾನೂ ಹೂಂ ಎಂದೆ.

ಹುಡುಗಿಯರು ಹೊರಟರು. ದಿಬ್ಬದ ಆಚೆ ಮರೆಯಾದರು, ಮತ್ತೆ ಕಂಡರು. ಸುಜಾತಾ ಮೊದಲು ಹಿಂದೆ ಇದ್ದಳು, ಒಂಬತ್ತನೆಯವಳೋ ಹತ್ತನೆಯವಳೋ. ಎರಡನೆಯ ಸಲ ಕಂಡಾಗ ಒಂದಿಬ್ಬರನ್ನು ದಾಟಿದ್ದಳು. ನಾನು ಮುಖ ನೋಡಲಿಲ್ಲ, ಮಾತಿನಂತೆ ಕಾಲುಗಳನ್ನಷ್ಟೇ ನೋಡಿದೆ. ಸಣ್ಣ ಹೆಜ್ಜೆ, ಬೇಗ ಬೇಗ. ಕೊನೆಯ ತಿರುವಿನಲ್ಲಿ ಅವಳ ಕಾಲು ಒಮ್ಮೆ ತಡವರಿಸಿತು. ಕಲ್ಲು ಎಡವಿದ್ದು ಅಷ್ಟೇ. ಸಾವರಿಸಿಕೊಂಡು ನಡೆದಳು. ಅಲ್ಲ, ಓಡಿದಳು. ಗೆರೆ ದಾಟಿದಾಗ ಐದನೆಯವಳು.

ಆರು ಜನರಲ್ಲಿ ಐದನೆಯವಳು. ನಾನು ಬಾಯಾರಿಗೆ ಹೇಳಲೆಂದು ತಿರುಗಿದರೆ ಅವರು ಪಕ್ಕದಲ್ಲಿ ಇರಲಿಲ್ಲ. ನನ್ನ ಮಗಳ ಹತ್ತಿರವೂ ಇರಲಿಲ್ಲ. ಮೊದಲು ಬಂದ ಹುಡುಗಿಯ ಸುತ್ತ ಫೋಟೋ ತೆಗೆಯುವವರು ನೆರೆದಿದ್ದರು. ಹಾರೂಗೇರಿ ಕಡೆಯ ಹುಡುಗಿ. ಆ ಗುಂಪನ್ನು ಸೀಳಿಕೊಂಡು ಹೋದ ಬಾಯಾರು ಅವಳ ಕೈ ಹಿಡಿದು ನೆಲದ ಮೇಲೆ ಕೂಡಿಸಿ, ತಾವೂ ಮಣ್ಣಿನಲ್ಲಿ ಕುಳಿತು, ಅವಳ ಕಾಲುಚೀಲ ಕೆಳಗೆ ಸರಿಸಿದರು. ಹೆಬ್ಬೆರಳು ಇಟ್ಟರೋ ಇಲ್ಲವೋ, ಹುಡುಗಿ ಕಾಲು ಹಿಂದಕ್ಕೆಳೆದುಕೊಂಡಳು. ಅವಳ ಕೋಚ್ ಯಾರ್ರಿ ನೀವು ಎಂದು ಮುಂದೆ ಬಂದ.

"ನಾ ಯಾರರ ಆಗಲಿ. ನೋವಿಲ್ಲಂತ ಈ ಪೋರಿ ಎಷ್ಟ ದಿವಸದಿಂದ ಸುಳ್ಳ ಹೇಳಾಕತ್ತಾಳ ನಿಮಗ?"

ಮೊದಲು ಬಂದ ಹುಡುಗಿ ಅಳತೊಡಗಿದಳು. ಓಡುವುದನ್ನು ನಿಲ್ಲಿಸಿದರೆ ಮುಂದಿನ ಪಂದ್ಯಕ್ಕೆ ದಮ್ಮು ಉಳಿಯುವುದಿಲ್ಲ ಎಂಬುದೇ ಅವಳ ಅಳು. ಇನ್ನೂ ಏದುಸಿರು ಬಿಡುತ್ತಿದ್ದ ಸುಜಾತಾ ಬಂದು ಅವಳ ಪಕ್ಕದಲ್ಲಿ ಕುಳಿತಳು. ತನ್ನ ಕಾಲುಚೀಲವನ್ನೂ ಸರಿಸಿ, ಕಣಕಾಲನ್ನು ತಾನೇ ಒತ್ತಿ ತೋರಿಸಿ, ನೀರಿನೊಳಗೆ ಓಡಿದ ಕಥೆಯನ್ನು ಹೇಳಿದಳು. ಹಾರೂಗೇರಿಯ ಹುಡುಗಿ ಮೂಗು ಒರೆಸಿಕೊಂಡು, ಅಂಥ ನೀರು ನಾನೆಲ್ಲಿ ಹುಡುಕಲಿ ಎಂದಳು.

"ನಮ್ಮ ಊರಿಗಿ ಬಾ" ಎಂದಳು ನನ್ನ ಮಗಳು. "ನಮ್ಮಲ್ಲೆ ಬಾವಿ ಐತಿ."

ಅವಳು ಅದನ್ನು ಎಷ್ಟು ಸಲೀಸಾಗಿ ಹೇಳಿದಳೆಂದರೆ, ಹೇಳಿ ಬೂಟಿನ ದಾರ ಬಿಚ್ಚತೊಡಗಿದ್ದಳು. ಬಾಯಾರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಏಳಬೇಕೆಂದು ಎರಡೂ ಕೈ ಚಾಚಿದರು. ಒಂದು ಕೈಯನ್ನು ನಾನು ಹಿಡಿದೆ, ಇನ್ನೊಂದನ್ನು ಆ ಕೋಚ್ ಹಿಡಿದ. ಇಬ್ಬರೂ ಸೇರಿ ಎತ್ತಲು ಹೋದೆವು.

"ಜಗ್ಗಬ್ಯಾಡ್ರಿ" ಎಂದು ಗದರಿದರು. "ಏಳೂದು ನಾ ಏಳತೀನಿ. ನೀವು ಸುಮ್ಮ ಹಿಡಕೊಂಡ ನಿಲ್ರಿ."